ನೆಹೆಮೀಯ ಕಲಿಸಿದ ದಾರಿ: ಕೋಲಾರದ ನರ್ಸ್ ಒಬ್ಬಳ ಅನುಭವ

ನಮ್ಮ ಕಡೆ ಯಾರಾದರೂ "ನನಗೆ ದೇವರ ಕರೆ ಬಂದಿದೆ" ಅಂದರೆ ಸಭೆಯವರು, ಅಂದರೆ ಚರ್ಚಿನವರು, ಮೊದಲು ಕೇಳುವುದು, "ಯಾವ ಬೈಬಲ್ ಕಾಲೇಜಿಗೆ ಸೇರ್ತೀಯಮ್ಮ?" ಅಂತ. ಆಮೇಲೆ, "ಕೆಲಸ ಯಾವಾಗ ಬಿಡ್ತೀಯ?" ನನ್ನನ್ನೂ ಕೇಳಿದರು. ನಾನು ಕೋಲಾರದಲ್ಲಿ ಸ್ಟಾಫ್ ನರ್ಸ್. ಇವತ್ತಿಗೂ ಅದೇ ಕೆಲಸ ಮಾಡುತ್ತಿದ್ದೇನೆ. ಡ್ಯೂಟಿ ಇಲ್ಲದ ದಿನ ಸುತ್ತಲ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತೇನೆ. ಅವರ ಆರೈಕೆ ಮಾಡಿ, ಮನೆಯವರಿಗೂ ಅದನ್ನು ಕಲಿಸಿ ಬರುತ್ತೇನೆ. ನಮ್ಮ ಸಭೆಯ ಒಂದಷ್ಟು ಜನ ಜೊತೆಗಿದ್ದಾರೆ. ಇದು ದೇವರೇ ಕೊಟ್ಟ ಕೆಲಸ ಅಂತ ನಿಮಗೆ ಹೇಗೆ ಗೊತ್ತಾಯಿತು ಅಂತ ಬಹಳ ಜನ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಯಾವ ಸ್ವರವೂ ಕೇಳಿಸಲಿಲ್ಲ. ಕನಸು ಬೀಳಲಿಲ್ಲ. ಕೂಟದಲ್ಲಿ ಯಾರೂ ನನ್ನ ಹೆಸರು ಹಿಡಿದು ಪ್ರವಾದನೆ ಹೇಳಲಿಲ್ಲ. ಅಂಥ ಅನುಭವ ಆದವರು ಇದ್ದಾರೆ, ಅವರ ಸಾಕ್ಷಿಯನ್ನು ನಾನು ನಂಬುತ್ತೇನೆ. ನನಗೆ ಬಂದದ್ದು ಒಂದು ಭಾರ, ಅಷ್ಟೇ. ಕೆಳಗಿಳಿಸಲು ನೋಡಿದರೂ ಇಳಿಯದ ಭಾರ.

ವಾರ್ಡಿನಲ್ಲಿ ದಿನಾ ನೋಡುವ ವಿಷಯವೇ ಅದು. ಪಾರ್ಶ್ವವಾಯು ಹೊಡೆದವರು, ಕ್ಯಾನ್ಸರ್ ಕೊನೆ ಹಂತಕ್ಕೆ ಬಂದವರು, ಸೊಂಟದ ಮೂಳೆ ಮುರಿದ ಅಜ್ಜಿಯರು. ಆಸ್ಪತ್ರೆಯಲ್ಲಿ ಮಾಡುವುದು ಮುಗಿದ ಮೇಲೆ ಅವರನ್ನು ಡಿಸ್ಚಾರ್ಜ್ ಮಾಡಲೇಬೇಕು. "ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ" ಅಂತ ಹೇಳುತ್ತೇವೆ. ಮೂಗಿನ ಟ್ಯೂಬಿನಲ್ಲಿ ಗಂಜಿ ಹಾಕುವುದನ್ನು ಬಾಗಿಲ ಹತ್ತಿರ ನಿಂತು ಒಂದು ಸಲ ತೋರಿಸುತ್ತೇವೆ. ಆಟೋ ಹೊರಡುತ್ತದೆ. ಆ ಆಟೋ ಹೋಗಿ ನಿಲ್ಲುವ ಮನೆಯಲ್ಲಿ ಯಾರಿರುತ್ತಾರೆ? ಮಗ, ಸೊಸೆ ನರಸಾಪುರದ ಫ್ಯಾಕ್ಟರಿಗಳಿಗೆ ಶಿಫ್ಟಿಗೆ ಹೋಗುತ್ತಾರೆ, ಬೆಳಕು ಹರಿಯುವ ಮುಂಚೆಯೇ ಕಂಪನಿ ಬಸ್ ಬರುತ್ತದೆ. ಟೊಮ್ಯಾಟೊ ಸೀಸನ್ ಬಂದರೆ ಮನೆಯಲ್ಲಿ ಉಳಿದವರೂ ತೋಟದಲ್ಲಿ, ಇಲ್ಲವೇ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ. ಮಂಚದ ಮೇಲೆ ಮಲಗಿದವರ ಪಕ್ಕ ಒಂದು ಚೊಂಬು ನೀರು ಇಟ್ಟು ಹೋಗಿರುತ್ತಾರೆ. ಕೈ ಎತ್ತಲಾಗದವರಿಗೆ ಆ ಚೊಂಬು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಲ್ವಾ? ಮನೆಯವರನ್ನು ದೂರುವ ಮಾತಲ್ಲ ಇದು. ಅವರು ದುಡಿಯದಿದ್ದರೆ ಔಷಧಿಗೂ ದುಡ್ಡಿರುವುದಿಲ್ಲ.

ಆ ದಿನಗಳಲ್ಲಿ ಬೆಳಗಿನ ಧ್ಯಾನಕ್ಕೆ ಬೈಬಲಿನ ನೆಹೆಮೀಯನ ಪುಸ್ತಕ ಓದುತ್ತಿದ್ದೆ. ಮುಂಚೆಯೂ ಓದಿದ್ದೆ. ಈ ಸಲ ಬೇರೆಯೇ ಕಾಣಿಸಿತು. ನೆಹೆಮೀಯ ಪ್ರವಾದಿ ಅಲ್ಲ, ಯಾಜಕನೂ ಅಲ್ಲ. ಶೂಷನ್ ಅರಮನೆಯಲ್ಲಿ ಅರಸನಾದ ಅರ್ತಷಸ್ತನ ಪಾನಸೇವಕ, ಅಂದರೆ ಒಂದು ನೌಕರಿಯಲ್ಲಿದ್ದವನು. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಅಂತ ಊರಿಂದ ಬಂದವರು ಹೇಳಿದಾಗ ಕೂತು ಅತ್ತ. ಉಪವಾಸ ಮಾಡಿದ. ಇಡೀ ಪುಸ್ತಕದಲ್ಲಿ ದೇವರು ಅವನ ಹತ್ತಿರ ಬಾಯಿಬಿಟ್ಟು ಮಾತಾಡಿದ್ದು ಎಲ್ಲೂ ಇಲ್ಲ. ಮೋಶೆಗೆ ಕಂಡಂಥ ಉರಿಯುವ ಪೊದೆ ಇಲ್ಲ, ದೇವದೂತ ಇಲ್ಲ. ದೇವರು ನನ್ನ ಹೃದಯದಲ್ಲಿ ಹುಟ್ಟಿಸಿದ್ದನ್ನು ಯಾರಿಗೂ ಹೇಳಿರಲಿಲ್ಲ ಅಂತ ಅವನೇ ಎರಡನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಅದನ್ನು ಓದಿ ನನಗೆ ದೊಡ್ಡ ಸಮಾಧಾನ ಆಯಿತು. ಹೃದಯದಲ್ಲಿ ಹುಟ್ಟಿದ ಸಂಕಟವೂ ದೇವರು ಕರೆಯುವ ಒಂದು ಬಗೆ. ಸ್ವರಕ್ಕಾಗಿ ಕಾಯುತ್ತಾ ಕೂರುವುದನ್ನು ಅವತ್ತಿಗೆ ಬಿಟ್ಟೆ.

ಇನ್ನೊಂದು ವಿಷಯ ನೋಡಿ. ಅವನು ಸುದ್ದಿ ಕೇಳಿದ್ದು ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ. ಅರಸನ ಮುಂದೆ ಬಾಯಿಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು ನಾಲ್ಕು ತಿಂಗಳು. ಅಷ್ಟು ದಿನ ಸುಮ್ನೆ ಇರಲಿಲ್ಲ. ಅರಸ "ಏನು ಬೇಕು" ಅಂತ ಕೇಳಿದ ಕೂಡಲೇ ಅವನ ಹತ್ತಿರ ಉತ್ತರ ಇತ್ತು: ಇಷ್ಟು ಕಾಲ ರಜೆ ಬೇಕು, ದಾರಿಯ ದೇಶಾಧಿಪತಿಗಳಿಗೆ ಪತ್ರ ಬೇಕು, ಬಾಗಿಲುಗಳಿಗೆ ಮರ ಬೇಕು. ಪ್ರಾರ್ಥನೆ ಮಾಡುತ್ತಲೇ ಮರದ ಲೆಕ್ಕವನ್ನೂ ಹಾಕಿಕೊಂಡಿದ್ದ ಅಂತ ನನಗನಿಸುತ್ತದೆ. ಕರೆ ಬಂತು ಅಂತ ಮಾರನೆಯ ದಿನವೇ ರಾಜೀನಾಮೆ ಬರೆದವರನ್ನು ನೋಡಿದ್ದೇನೆ. ಅವರ ಉತ್ಸಾಹ ಸುಳ್ಳಲ್ಲ. ಆದರೆ ಹೆಂಡತಿ ಮಕ್ಕಳು ಅದರ ಕಷ್ಟ ಉಂಡದ್ದನ್ನೂ ನೋಡಿದ್ದೇನೆ. ಹಾಗಾಗಿ ನಾನು ನೆಹೆಮೀಯನ ದಾರಿ ಹಿಡಿದೆ.

ಮೊದಲು ನಮ್ಮ ಯಜಮಾನರಿಗೆ ಹೇಳಿದೆ. ಆಮೇಲೆ ಅಯ್ಯನವರಿಗೆ (ನಮ್ಮ ಸಭೆಯ ಪಾಸ್ಟರ್), ಮತ್ತು ನನಗಿಂತ ಹಿರಿಯರಾದ ಒಬ್ಬ ಪ್ರಾರ್ಥನೆಯ ಅಕ್ಕನಿಗೆ. ಬೈಬಲಿನಲ್ಲೂ ಅಂತಿಯೋಕ್ಯ ಪಟ್ಟಣದಿಂದ ಬಾರ್ನಬನನ್ನೂ ಸೌಲನನ್ನೂ (ಪೌಲ ಅಂದರೆ ಇವನೇ) ಸೇವೆಗೆ ಕಳಿಸಿದ್ದು ಸಭೆ, ಅದೂ ಉಪವಾಸ ಇದ್ದು, ಕೈಯಿಟ್ಟು ಪ್ರಾರ್ಥಿಸಿ. ಪೌಲನಂಥವನೂ ಒಬ್ಬನೇ ತೀರ್ಮಾನ ಮಾಡಿ ಹೊರಡಲಿಲ್ಲ. ಅಯ್ಯನವರು ತಕ್ಷಣ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ನೆಹೆಮೀಯ ಕಟ್ಟುವ ಮುಂಚೆ ರಾತ್ರಿ ಹೋಗಿ ಗೋಡೆ ನೋಡಿದ. ನೀನೂ ಹೋಗಿ ನೋಡ್ಕೊಂಡು ಬಾ" ಅಂದರು. ಜೊತೆಗೆ ನಮ್ಮ ಊರಿನ ಕಥೆಯನ್ನೇ ನೆನಪಿಸಿದರು. 1876ರಿಂದ 78ರವರೆಗಿನ ದೊಡ್ಡ ಬರಗಾಲದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳನ್ನು ಮಿಸ್ ಆನ್‌ಸ್ಟಿ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದರು. ಮುಂದೆ ಆ ಕೆಲಸವನ್ನು ಮೆಥೋಡಿಸ್ಟ್ ಮಿಷನ್ ವಹಿಸಿಕೊಂಡಿತು. 1910ರಲ್ಲಿ ಇಟಿಸಿಎಂ ಅನ್ನುವ ಮಿಷನ್ ಆಸ್ಪತ್ರೆ ಬಂತು. ಹಸಿದ ಮಗುವನ್ನು ಕಂಡು ಅವರ ಹೃದಯದಲ್ಲಿ ಹುಟ್ಟಿದ್ದಕ್ಕೂ, ಡಿಸ್ಚಾರ್ಜ್ ಆಟೋ ನೋಡಿ ನನ್ನ ಹೃದಯದಲ್ಲಿ ಹುಟ್ಟಿದ್ದಕ್ಕೂ ಮೂಲ ಒಬ್ಬನೇ ಅಂತ ನನಗೆ ಅವತ್ತು ಗಟ್ಟಿಯಾಯಿತು.

ನೋಡಲು ಹೋದೆ. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಆಶಾ ಕಾರ್ಯಕರ್ತೆಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಅವರನ್ನೇ ಕೇಳಿಕೊಂಡೆ. ಶ್ರೀನಿವಾಸಪುರ ರಸ್ತೆಯ ಒಂದು ಹಳ್ಳಿಯ ಮನೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನೈಲಾನ್ ಪಟ್ಟಿಯ ಮಂಚದ ಮೇಲೆ ಒಬ್ಬ ಯಜಮಾನರು ಮಲಗಿದ್ದರು. ಬಾಗಿಲಲ್ಲೇ ವಾಸನೆ ಬಂತು. ಹೆಂಡತಿ ತೆಲುಗಿನಲ್ಲಿ, "ಅರಿಶಿನ ಹಚ್ತಾನೇ ಇದೀನಿ, ವಾಸಿ ಆಗ್ತಿಲ್ಲ" ಅಂತ ಅತ್ತರು. ಮಗ್ಗುಲಿಗೆ ತಿರುಗಿಸಿ ನೋಡಿದರೆ ಬೆನ್ನಿನ ಬುಡದಲ್ಲಿ ಅಂಗೈ ಅಗಲದ ಹುಣ್ಣು. ತಿರುಗಿಸುವುದೂ ಸುಲಭ ಇರಲಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ವರ್ಷಗಟ್ಟಲೆ ಸೇರಿ ಅವರ ಬೆನ್ನು, ಮಂಡಿ ಮರದ ಹಾಗೆ ಬಿಗಿದುಹೋಗಿದ್ದವು. ಲೀಟರ್ ನೀರಿಗೆ ಒಂದೂವರೆ ಮಿಲಿಗ್ರಾಂ ಫ್ಲೋರೈಡ್ ದಾಟಬಾರದು ಅನ್ನುತ್ತಾರೆ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಇಂಥವರನ್ನು ಭುಜ ಹಿಡಿದು ಎಳೆಯಬಾರದು. ಕೆಳಗೆ ಒಂದು ಬೆಡ್‌ಶೀಟ್ ಮಡಚಿ ಹಾಸಿ, ಇಬ್ಬರು ಸೇರಿ ಶೀಟನ್ನೇ ಹಿಡಿದು ಇಡೀ ಮೈಯನ್ನು ಒಟ್ಟಿಗೆ ಹೊರಳಿಸಬೇಕು.

ಅರ್ಧ ಲೀಟರ್ ನೀರು ಕುದಿಸಿ, ಒಂದು ಟೀ ಚಮಚ ಉಪ್ಪು ಹಾಕಿ ಆರಿಸಿದೆವು. ಅದರಲ್ಲೇ ಹುಣ್ಣು ತೊಳೆದೆ. ವಾಸನೆಗೆ ಏನು ಮಾಡುವುದು ಅಂತ ಡಾಕ್ಟರಿಗೆ ಫೋನ್ ಮಾಡಿದೆ. ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಹುಣ್ಣಿಗೆ ಉದುರಿಸಲು ಹೇಳಿದರು. ಬೆಲೆ ಬಹಳ ಕಡಿಮೆ. ಕೆಲವೇ ದಿನಗಳಲ್ಲಿ ವಾಸನೆ ನಿಂತಿತು, ಬಾಗಿಲಲ್ಲೇ ನಿಲ್ಲುತ್ತಿದ್ದ ಮೊಮ್ಮಕ್ಕಳು ತಾತನ ಹತ್ತಿರ ಬಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ನಾವು ವಾರ್ಡಿನಲ್ಲಿ ಹೇಳುತ್ತೇವೆ. ಆ ಅಜ್ಜಿ ಗಡಿಯಾರ ನೋಡುವವರಲ್ಲ. ಡೇರಿಗೆ ಹಾಲು ಹಾಕುವ ಹೊತ್ತು, ಬಸ್ ಬರುವ ಹೊತ್ತು, ಸ್ಕೂಲ್ ಬಿಡುವ ಹೊತ್ತು, ಸೀರಿಯಲ್ ಶುರುವಾಗುವ ಹೊತ್ತು ಅಂತ ಅವರ ದಿನಕ್ಕೇ ಹೊಂದಿಸಿ ಹೇಳಿಕೊಟ್ಟೆ. ಅಚ್ಚುಕಟ್ಟಾಗಿ ಮಾಡಿದರು. ಮಂಡಿಗಳ ನಡುವೆ ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಕಾಲ ಕೆಳಗೆ ಸುತ್ತಿದ ಸೀರೆ. ಅಲ್ಲಿಂದ ಹೊರಗೆ ಬಂದಾಗ ನನಗೆ ಸಂಶಯ ಉಳಿದಿರಲಿಲ್ಲ. ನನಗೆ ಬರುವ ಕೆಲಸಕ್ಕೂ ಅಲ್ಲಿದ್ದ ಕೊರತೆಗೂ ಅಷ್ಟು ಸರಿಯಾಗಿ ಹೊಂದಿಕೆಯಾಗಿತ್ತು. ನಾನು ನರ್ಸಿಂಗ್ ಕಲಿತ ವರ್ಷಗಳೆಲ್ಲ ಈ ಮನೆಗಾಗಿಯೇ ದೇವರು ಮಾಡಿಸಿದ ತಯಾರಿ ಅಂತ ಅನಿಸಿತು.

ನೋವಿನ ವಿಷಯದಲ್ಲಿ ಮಾತ್ರ ನನಗೆ ಗೊತ್ತಿದ್ದದ್ದು ಸಾಲದು ಅನ್ನಿಸಿತು. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಬೇಕಾಗುತ್ತದೆ, ಅದು ಡಾಕ್ಟರ್ ಬರೆದು ಕೊಡಬೇಕಾದ ಔಷಧಿ, ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ. 2014ರಲ್ಲಿ ಕಾನೂನು ಸಡಿಲವಾದ ಮೇಲೂ ಹಳ್ಳಿಯವರಿಗೆ ಸಿಗುವುದು ಕಷ್ಟವೇ. ರಜೆ ಹಾಕಿ ಬೆಂಗಳೂರಿಗೆ ಹೋಗಿ ಉಪಶಮನ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಸಂಕಟ ಕಡಿಮೆ ಮಾಡುವ ಆರೈಕೆಯ, ತರಬೇತಿ ಪಡೆದೆ. ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳಲ್ಲಿ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ಕೊನೆಯವರೆಗೂ ನೋಡಿಕೊಳ್ಳುತ್ತಾರೆ ಅನ್ನುವುದನ್ನು ನಮ್ಮ ಹಳ್ಳಿಗಳಲ್ಲಿ ಈಗ ಎಲ್ಲರಿಗೂ ಹೇಳುತ್ತೇನೆ. ಸೇವೆ ಮಾಡುವ ಮನಸ್ಸಿದ್ದರೆ ಸಾಕು, ದೇವರು ಉಳಿದದ್ದನ್ನು ನೋಡಿಕೊಳ್ಳುತ್ತಾರೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನರಳುತ್ತಿರುವವರ ಮುಂದೆ ಕಲಿಯದೆ ಹೋಗಿ ನಿಲ್ಲುವುದು ಪ್ರೀತಿ ಅಲ್ಲ.

ಇಷ್ಟಾದ ಮೇಲೆ ಸಭೆಯ ಮುಂದೆ ಹೇಳಿದೆ. ನೆಹೆಮೀಯನ ಮೂರನೆಯ ಅಧ್ಯಾಯ ಬರೀ ಹೆಸರುಗಳು ಅಂತ ನಾವು ದಾಟಿ ಹೋಗುತ್ತೇವೆ. ಅಲ್ಲಿ ಅಕ್ಕಸಾಲಿಗರಿದ್ದಾರೆ, ಸುಗಂಧದ್ರವ್ಯ ಮಾಡುವವರಿದ್ದಾರೆ, ತನ್ನ ಹೆಣ್ಣುಮಕ್ಕಳ ಜೊತೆ ಗೋಡೆ ಕಟ್ಟಿದ ಅಪ್ಪ ಇದ್ದಾನೆ. ಎಷ್ಟೋ ಜನ ಕಟ್ಟಿದ್ದು ತಮ್ಮ ಮನೆಯ ಎದುರಿನ ಭಾಗವನ್ನೇ. ನಮ್ಮಲ್ಲೂ ಹಾಗೇ ಆಯಿತು. ಯಾರೂ ದೂರ ಹೋಗುವುದು ಬೇಡ, ಅವರವರ ಬೀದಿ, ಅವರವರ ಊರು. ಆಟೋ ಓಡಿಸುವ ತಮ್ಮ ಒಬ್ಬ ಆಸ್ಪತ್ರೆಗೆ ಕರೆದೊಯ್ಯುವುದನ್ನು ವಹಿಸಿಕೊಂಡ. ರಿಟೈರ್ ಆದ ಟೀಚರ್ ಪಿಂಚಣಿ ಅರ್ಜಿ, ಅಂಗವಿಕಲರ ಕಾರ್ಡಿನ ಕೆಲಸ ನೋಡುತ್ತಾರೆ. ಇಬ್ಬರು ಅಕ್ಕಂದಿರು ರಾಗಿ ಗಂಜಿ ಮಾಡಿ ಒಂಟಿ ಮನೆಗಳಿಗೆ ಕೊಟ್ಟು, ಕೂತು ಮಾತಾಡಿ ಬರುತ್ತಾರೆ. ನನಗಿಂತ ಅವರನ್ನೇ ಆ ಮನೆಗಳವರು ಜಾಸ್ತಿ ಕಾಯುತ್ತಾರೆ. ಸಭೆಯ ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಕೋಳಿ, ಟೊಮ್ಯಾಟೊ ಬಾಕ್ಸ್ ಹರಾಜಾಗುತ್ತಲ್ಲ, ಆ ದುಡ್ಡಿನಲ್ಲಿ ಒಂದು ಪಾಲು ಬೆನ್ನಿಗೆ ಹುಣ್ಣಾಗದ ಹಾಗೆ ಹಾಕುವ ಏರ್ ಬೆಡ್‌ಗಳಿಗೆ ಬಂತು. ಒಬ್ಬರಿಗೆ ಬೇಡವಾದ ಮೇಲೆ ಇನ್ನೊಬ್ಬರ ಮನೆಗೆ ಹೋಗುತ್ತದೆ.

ಈಗ ಎಲ್ಲರೂ ಮೆಲ್ಲಗೆ ಕೇಳುವ ಪ್ರಶ್ನೆ. ಆ ಮನೆಗಳಲ್ಲಿ ಸುವಾರ್ತೆ ಹೇಳುತ್ತೀರಾ? ನಾವು ಹೋಗುವ ಮನೆಗಳಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಶುರುವಿನಲ್ಲಿ ಒಂದೆರಡು ಕಡೆ "ಇವರು ಮತಾಂತರಕ್ಕೆ ಬಂದಿದ್ದಾರೆ" ಅನ್ನುವ ಮಾತೂ ಬಂತು. ನಾವೇ ಗ್ರಾಮ ಪಂಚಾಯಿತಿಗೆ ಹೋಗಿ ಏನು ಮಾಡುತ್ತೇವೆ ಅಂತ ಹೇಳಿಬಂದೆವು. ನಾವು ಇಟ್ಟುಕೊಂಡ ನಿಯಮ ಇದು: ಮನೆಯಿಂದ ಹೊರಡುವ ಮುಂಚೆ ಅವರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತೇವೆ. ಅವರಾಗಿ ಕೇಳದೆ ಅವರ ಮನೆಯಲ್ಲಿ ಬೈಬಲ್ ತೆರೆಯುವುದಿಲ್ಲ. ಬೇಡ ಅನಿಸಿದರೆ ಎದ್ದು ಹೋಗುವ ಶಕ್ತಿ ಮಲಗಿದವರಿಗೆ ಇಲ್ಲ. ಹುಣ್ಣು ತೊಳೆಯುವವಳು ನಾನೇ ಆಗಿರುವಾಗ ನನಗೆ ಬೇಡ ಅನ್ನಲು ಅವರಿಗೆ ಧೈರ್ಯ ಬರುವುದಿಲ್ಲ. ಆ ನಿಸ್ಸಹಾಯಕತೆಯನ್ನು ಬಳಸಿಕೊಳ್ಳುವುದು ಯೇಸು ಸ್ವಾಮಿಗೆ ಮಾಡುವ ಅವಮಾನ ಅಂತ ನಾನು ನಂಬುತ್ತೇನೆ. ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ಛತ್ರದವನಿಗೆ ದುಡ್ಡು ಕೊಟ್ಟ. ಬಿದ್ದವನನ್ನು ಏನೂ ಕೇಳಲಿಲ್ಲ. ಹಾಗಂತ ನಾವು ಯಾರು ಅನ್ನುವುದನ್ನು ಬಚ್ಚಿಡುವುದೂ ಇಲ್ಲ. ಕತ್ತಿನಲ್ಲಿ ಶಿಲುಬೆ ಇದೆ. ಯಾಕಮ್ಮ ಬರ್ತೀಯ ಅಂತ ಕೇಳಿದರೆ ನಿಜ ಹೇಳುತ್ತೇನೆ. ಪ್ರಾರ್ಥನೆ ಮಾಡು ಅಂದರೆ ಕೈ ಹಿಡಿದು ಮಾಡುತ್ತೇನೆ. ಹಾಗೆ ಕೇಳಿದವರು ಕಡಿಮೆ ಏನಿಲ್ಲ.

ದಣಿವು ಇದೆ. ನೈಟ್ ಡ್ಯೂಟಿ ಮುಗಿಸಿ ಹಳ್ಳಿಗೆ ಹೋಗುವುದಿಲ್ಲ ಅಂತ ಯಜಮಾನರಿಗೆ ಮಾತು ಕೊಟ್ಟಿದ್ದೇನೆ, ಅದನ್ನು ಮುರಿಯುವುದಿಲ್ಲ. ಮಕ್ಕಳ ಪರೀಕ್ಷೆ ತಿಂಗಳಲ್ಲಿ ಬೇರೆಯವರು ನನ್ನ ಮನೆಗಳನ್ನು ನೋಡಿಕೊಳ್ಳುತ್ತಾರೆ. ಕೆಲಸ ಬಿಡಲಿಲ್ಲ ಅನ್ನುವುದರ ಬಗ್ಗೆಯೂ ನನಗೆ ನೆಮ್ಮದಿ ಇದೆ. ಆಸ್ಪತ್ರೆಯಲ್ಲಿ ಇರುವುದರಿಂದಲೇ ಯಾರು ಮನೆಗೆ ಹೋಗುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಡಾಕ್ಟರುಗಳು ನನ್ನ ಫೋನ್ ಎತ್ತುತ್ತಾರೆ. ನಾಳೆ ದೇವರು ಬಿಡು ಅಂದರೆ ಬಿಡಲು ತಯಾರಿದ್ದೇನೆ. ಇನ್ನೂ ಹಾಗೆ ಅನಿಸಿಲ್ಲ.

ಈಚೆಗೆ ಕೆಜಿಎಫ್‌ನ ಒಂದು ಸಭೆಯವರು ಬಂದು ಮಾತಾಡಿದರು. ಅಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಗಣಿಯ ಧೂಳು ಶ್ವಾಸಕೋಶದಲ್ಲಿ ಕೂತು ಉಸಿರಾಡಲು ಒದ್ದಾಡುವ ಹಳೆಯ ಕಾರ್ಮಿಕರು ಇನ್ನೂ ಇದ್ದಾರೆ, ಅವರ ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬಿಡುತ್ತಾರೆ. ಉಸಿರು ಕಟ್ಟಿದಾಗ ಹೇಗೆ ಮುಂದಕ್ಕೆ ಬಾಗಿಸಿ ಕೂರಿಸಬೇಕು, ಮುಖಕ್ಕೆ ಫ್ಯಾನ್ ಗಾಳಿ ಬಿಟ್ಟರೆ ಎಷ್ಟು ಹಾಯಾಗುತ್ತದೆ ಅನ್ನುವುದರಿಂದ ಅವರಿಗೆ ಕಲಿಸಲು ಶುರು ಮಾಡಿದ್ದೇವೆ. ಆ ಮನೆಗಳಲ್ಲಿ ಮಾತು ತಮಿಳು, ನನಗೆ ಅಷ್ಟಾಗಿ ಬರುವುದಿಲ್ಲ. ತಮಿಳು ಬರುವ ಇಬ್ಬರು ನರ್ಸ್‌ಗಳು ಬೇಕಾಗಿದ್ದಾರೆ. ಹುಡುಕುತ್ತಿದ್ದೇವೆ.