ಕತ್ತಿವರಸೆ ಇಲ್ಲದ ರಾಯಣ್ಣ: ನಾಟಕ ಕಟ್ಟಿದ ನನ್ನ ಅನುಭವ

ಹನುಮಂತನಗರದ ನಮ್ಮ ಹವ್ಯಾಸಿ ತಂಡಕ್ಕೆ ಸಂಗೊಳ್ಳಿ ರಾಯಣ್ಣನ ಮೇಲೆ ಕಿರುನಾಟಕ ಬರೆದಾಗ ನಾನು ಮೊದಲು ಕೈಬಿಟ್ಟದ್ದು ಕತ್ತಿವರಸೆಯನ್ನು. ಹುಡುಗರಿಗೆ ಬೇಸರವಾಯಿತು. ಮೆಜೆಸ್ಟಿಕ್ಕಿನ ರೈಲು ನಿಲ್ದಾಣಕ್ಕೆ ಅವನದೇ ಹೆಸರು. ಅವನ ಶೌರ್ಯ ಎಲ್ಲರಿಗೂ ಗೊತ್ತು. ನನಗೆ ಅವನ ಕಷ್ಟ ಬೇಕಿತ್ತು.

1824ರ ಅಕ್ಟೋಬರ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಕಿತ್ತೂರಿನವರು ಗೆದ್ದರು, ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ಪಾಲಾಯಿತು. ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡಳು. ದತ್ತುಮಗ ಶಿವಲಿಂಗಪ್ಪನನ್ನು ಕಂಪನಿ ವಾರಸುದಾರನೆಂದು ಒಪ್ಪಲಿಲ್ಲ. ಅವನನ್ನೇ ಗಾದಿಗೇರಿಸಲು ಹೊರಟ ರಾಯಣ್ಣನ ಹಿಂದೆ ಕೋಟೆಯಿಲ್ಲ, ಖಜಾನೆಯಿಲ್ಲ, ಸಂಬಳದ ಸೈನ್ಯವಿಲ್ಲ. ಕಾಡಿನಲ್ಲಿ ಅಡಗಿದ ಅಷ್ಟು ಮಂದಿಗೆ ದಿನಾ ರೊಟ್ಟಿ ಎಲ್ಲಿಂದ ಬರಬೇಕು? ಇಡೀ ನಾಟಕ ಈ ಪ್ರಶ್ನೆಯ ಮೇಲೆಯೇ ನಿಂತಿತು.

ರಂಗದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಂದಾಯ ಲೆಕ್ಕದ ದಫ್ತರಗಳ ರಾಶಿ ಇಟ್ಟೆವು, ಬೇರೇನೂ ಇಲ್ಲ. ಕಂಪನಿ ಇನಾಂ ಭೂಮಿ ಕಿತ್ತುಕೊಂಡು ಕಂದಾಯದ ಹೊರೆ ಹೇರಿದ್ದು ಈ ಕಾಗದಗಳ ಬಲದಿಂದ. ರಾಯಣ್ಣನ ಕಡೆಯವರು ಸರ್ಕಾರಿ ಕಚೇರಿಗಳಿಗೆ ಬೆಂಕಿಯಿಟ್ಟು ಲೆಕ್ಕಪತ್ರ ಸುಟ್ಟದ್ದು ಬರೀ ಸಿಟ್ಟಿಗಲ್ಲ, ರೈತನ ಕೊರಳ ಹಗ್ಗ ಎಲ್ಲಿದೆಯೆಂದು ರಾಯಣ್ಣನಿಗೆ ಗೊತ್ತಿತ್ತು ಎನ್ನುವುದು ನನ್ನ ನಂಬಿಕೆ.

ಮಾತಿನ ಧಾಟಿ ಕಲಿಸಲು ಇಲ್ಲೇ ಕೆಲಸಕ್ಕಿರುವ ಬೈಲಹೊಂಗಲದ ಅಕ್ಕನೊಬ್ಬರನ್ನು ಕರೆದೆವು. "ಗೌಡ್ರ, ನಮ್ಮ ಮಂದಿಗಿ ಇವತ್ತೊಂದ್ ಹೊತ್ತು ರೊಟ್ಟಿ ಸಿಗತೈತೇನ್ರಿ?" ಎಂದು ನಾನು ಬರೆದ ಸಾಲನ್ನು ಅವರು ಹೇಳಿಕೊಟ್ಟಂತೆ ಹುಡುಗ ಅಂದಾಗ ರಾಯಣ್ಣ ಕ್ಯಾಲೆಂಡರಿನಿಂದ ಇಳಿದು ಬಂದ.

ಹೆಚ್ಚು ತಲೆಕೆಡಿಸಿಕೊಂಡದ್ದು ಹಿಡಿದುಕೊಟ್ಟವರ ದೃಶ್ಯಕ್ಕೆ. 1830ರಲ್ಲಿ ರಾಯಣ್ಣನ ನಂಬಿಕೆ ಗಳಿಸಿಕೊಂಡ ನಮ್ಮವರೇ ಆದ ಗೌಡರು, ಹಳ್ಳದಲ್ಲಿ ಸ್ನಾನಕ್ಕಿಳಿದಾಗ ಅವನನ್ನು ಹಿಡಿಸಿದರು ಎಂದು ಅಲ್ಲಿನ ಜನ ಹೇಳುತ್ತಾರೆ. ಆ ಪಾತ್ರಗಳಿಗೆ ಮೀಸೆ ತಿರುವುವ ಖಳರ ವೇಷ ಬೇಡವೆಂದೆ. ಅವರ ಹೊಲವೂ ಅದೇ ದಫ್ತರದಲ್ಲಿ ಬರೆದಿತ್ತಲ್ಲ! 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದ್ದನ್ನು ಒಂದು ಸಾಲಿನಲ್ಲಷ್ಟೇ ಹೇಳಿಸಿದೆ.

"ಹಾಗಾದ್ರೆ ಗೌಡರನ್ನ ಕ್ಷಮಿಸಿಬಿಟ್ರಾ ಸಾರ್?" ಎಂದು ಪ್ರದರ್ಶನ ಮುಗಿದ ಮೇಲೆ ಕೇಳುವವರಿದ್ದಾರೆ. ಇಲ್ಲ, ಅದು ದ್ರೋಹವೇ. ಆದರೆ ಅವರ ಭಯ ಕಂಡರೆ ತಾನೇ, ಅದೇ ಭಯವಿದ್ದೂ ರಾತ್ರಿ ಬಾಗಿಲು ತೆರೆದು ರೊಟ್ಟಿ ಕೊಟ್ಟ ಮನೆಗಳ ಧೈರ್ಯ ಕಾಣುವುದು? ಮುಂದಿನ ಪ್ರದರ್ಶನಕ್ಕೆ ಅಂಥ ಮನೆಯ ಹೆಣ್ಣುಮಗಳೊಬ್ಬಳ ಪಾತ್ರ ಬೆಳೆಸುತ್ತಿದ್ದೇನೆ. ಆ ಅಕ್ಕನೇ ಅದನ್ನು ಮಾಡಲು ಒಪ್ಪಿದ್ದಾರೆ.