ಬೂಷ್ಟು ಹಿಡಿದ ಟೇಪಿನಿಂದ ಪೋಕೆಮಾನ್ ಹೊರತೆಗೆದ ನನ್ನ ಅನುಭವ

ಕೊನೆಗೂ ಆಯ್ತು. 11 ವಿಎಚ್‌ಎಸ್ ಟೇಪುಗಳಲ್ಲಿ, ಅಂದರೆ ಹಳೇ ವಿಡಿಯೋ ಕ್ಯಾಸೆಟ್ಟುಗಳಲ್ಲಿ, 7 ಟೇಪು ಕಂಪ್ಯೂಟರಿಗೆ ಇಳಿದವು. ಜಪಾನಿನ ಕಾರ್ಟೂನ್ ಪೋಕೆಮಾನ್‌ನ ಮೊದಲ ಸರಣಿಯ 30–35 ಕಂತುಗಳು ಈಗ ಮನೆಯ ಟೀವಿಯಲ್ಲಿ ಓಡುತ್ತಿವೆ. ಅದೂ ನಾವು ಹುಡುಗರಿದ್ದಾಗ ಕೇಬಲ್ಲಿನಲ್ಲಿ ಕೇಳಿದ ಅದೇ ಹಿಂದಿ ದನಿಯಲ್ಲಿ.

ಈ ಟೇಪು ನೋಡಿದವರೆಲ್ಲ ಆಗುವುದಿಲ್ಲ ಅಂದಿದ್ದರು. ಬೆಳಗಾವಿಯ ಒಂದು ಅಂಗಡಿಯವರು ಕ್ಯಾಸೆಟ್ ಕಿಟಕಿಯಲ್ಲಿ ಬಿಳಿ ಪುಡಿ ಕಂಡ ಕೂಡಲೇ ಚೀಲವನ್ನೇ ವಾಪಸ್ ಕೊಟ್ಟರು. "ಚೊಲೊ ಟೇಪಾದ್ರ ಒಂದಕ್ಕ ನಾಕ್ನೂರು ರೂಪಾಯಿ. ಇವು ನಮ್ಮ ಮಶೀನ್ ಕೆಡಸ್ತಾವ್ರಿ" ಅಂದರು. ಅವರು ಹೇಳಿದ್ದು ತಪ್ಪಲ್ಲ. ಬೂಷ್ಟು ಹಿಡಿದ ಟೇಪನ್ನು ಹಾಗೇ ಹಾಕಿದರೆ ಮಶೀನಿನಲ್ಲಿ ಟೇಪು ಓದುವ ಹೆಡ್ಡು ಕಟ್ಟಿಕೊಳ್ಳುತ್ತದೆ, ಆಮೇಲೆ ಹಾಕಿದ ಟೇಪಿಗೂ ಹತ್ತುತ್ತದೆ. ನಮ್ಮ ಅಣ್ಣನಂತೂ ಫೋನಿನಲ್ಲೇ ಬೈದ: "ಅದೆಲ್ಲಾ ಆನ್‌ಲೈನ್ ಐತಿ, ಸುಮ್ನ ರೊಕ್ಕಾ ಯಾಕ ಹಾಳ ಮಾಡ್ತಿ?"

ಆನ್‌ಲೈನಿನಲ್ಲಿ ಚಿತ್ರ ಸಿಗುತ್ತದೆ, ನಿಜ. ಕನ್ನಡಿಯ ಹಾಗೆ ಸ್ವಚ್ಛವಾಗಿಯೇ ಸಿಗುತ್ತದೆ. ಆದರೆ ನನಗೆ ಬೇಕಾದದ್ದು ನಮ್ಮ ಹಳೇ ಬಾಗಲಕೋಟೆ ಮನೆಯಲ್ಲಿ ಕಂಡ ಪಿಕಾಚು, ಆ ಕಾರ್ಟೂನಿನ ಕರೆಂಟ್ ಹೊಡೆಯುವ ಹಳದಿ ಪ್ರಾಣಿ.

ಅಪ್ಪ ಮದುವೆ ವಿಡಿಯೋ ಶೂಟಿಂಗ್ ಮಾಡುತ್ತಿದ್ದರು. ಹಾಗಾಗಿ ಮನೆಯಲ್ಲಿ ಟೇಪು ಆಡಿಸುವ, ರೆಕಾರ್ಡ್ ಮಾಡುವ ವಿಸಿಆರ್ ಇತ್ತು, ಟೇಪೂ ಇದ್ದವು. 2003ರ ಹೊತ್ತಿಗೆ ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪೋಕೆಮಾನ್ ಶುರುವಾದಾಗ ನಾನು, ಅಣ್ಣ ಸೇರಿ ದಿನಾ ರೆಕಾರ್ಡ್ ಮಾಡುತ್ತಿದ್ದೆವು. ಜಾಹೀರಾತು ಬಂದಾಗ ಪಾಜ್ ಒತ್ತುವುದು ನನ್ನ ಕೆಲಸ. ಕರೆಂಟ್ ಹೋದರೆ ಆ ಕಂತು ಅಷ್ಟಕ್ಕೇ ನಿಂತಿತು. ಖಾಲಿ ಟೇಪು ಮುಗಿದ ಮೇಲೆ ನಾವು ಅಪ್ಪನ ಮದುವೆ ಟೇಪುಗಳ ಕೊನೆಯ ಖಾಲಿ ಭಾಗಕ್ಕೂ ಕೈ ಹಾಕಿದೆವು. ಅದರ ಕಥೆ ಆಮೇಲೆ ಹೇಳುತ್ತೇನೆ.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ನಾವೂ ಬಹಳ ಜನರ ಹಾಗೆ ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದೆವು. ಹಳೇ ಮನೆಯ ಕೆಳಗಿನ ಕೋಣೆ ಯಾವಾಗಲೂ ತಂಪು. ಗೋಡೆಗೆ ಕೈ ಇಟ್ಟರೆ ಒದ್ದೆ ಅನ್ನಿಸುತ್ತಿತ್ತು. ಟ್ರಂಕು ಅಲ್ಲೇ ಮೂರು ಮಳೆಗಾಲ ಕಳೆದಿತ್ತು. ಹೊಸ ಮನೆಗೆ ಬಂದ ಮೇಲೆ ಅದನ್ನು ಯಾರೂ ತೆರೆಯಲಿಲ್ಲ. ಅಪ್ಪ ಹೋದ ಮೇಲೆ ನಾನೇ ತೆರೆದೆ. ಎಲ್ಲ ಟೇಪಿನ ಅಂಚಿನಲ್ಲೂ ಬಿಳಿ ಎಳೆ.

ಬೂಷ್ಟು ಅಂಚಿನಿಂದ ಶುರುವಾಗುತ್ತದೆ. ಇದನ್ನು ಸರಿಯಾಗಿ ತಿಳಿದುಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು. ಮೇಲಿನ ಅಂಚಿನಲ್ಲಿ ಸೌಂಡ್ ಟ್ರ್ಯಾಕ್, ಕೆಳಗಿನ ಅಂಚಿನಲ್ಲಿ ಚಿತ್ರವನ್ನು ನೆಟ್ಟಗೆ ಓಡಿಸುವ ಕಂಟ್ರೋಲ್ ಟ್ರ್ಯಾಕ್. ನಡುವಿನ ಚಿತ್ರ ಗಟ್ಟಿಯಾಗಿದ್ದರೂ ದನಿ ಮುಗ್ಗರಿಸುತ್ತದೆ, ಚಿತ್ರ ಮೇಲೆ ಕೆಳಗೆ ಉರುಳುತ್ತದೆ. ನನಗೆ ಬೇಕಿದ್ದದ್ದೇ ದನಿ. ಅಂದರೆ ಟೇಪಿನ ಅತಿ ಕೆಟ್ಟ ಜಾಗದಲ್ಲೇ ನನ್ನ ಬಂಗಾರ ಇತ್ತು.

ಮೊದಲ ಪ್ರಯೋಗ ಬಿಸಿಲು. ಏಪ್ರಿಲ್ ತಿಂಗಳು, ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುವ ಹೊತ್ತು. ಎರಡು ಟೇಪನ್ನು ಮಾಳಿಗೆಯ ಮೇಲೆ ಇಟ್ಟೆ. ಮಧ್ಯಾಹ್ನ ಹೋಗಿ ನೋಡಿದರೆ ಒಂದರ ಪ್ಲಾಸ್ಟಿಕ್ ಡೊಂಕಾಗಿತ್ತು, ಒಳಗಿನ ಸುರುಳಿ ತಟ್ಟೆಯ ಅಂಚಿನ ಹಾಗೆ ಎದ್ದಿತ್ತು. ಅದು ಇವತ್ತಿಗೂ ಸರಿಯಾಗಿಲ್ಲ. ಯಾರೂ ಬಿಸಿಲಿಗೆ ಇಡಬೇಡಿ. ಆಮೇಲೆ ಚಪ್ಪಲಿ ಅಂಗಡಿಗಳಿಂದ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಕೇಳಿ ತಂದೆ, ಅವ್ವನ ಸ್ಟೀಲ್ ಡಬ್ಬಿಯಲ್ಲಿ ಟೇಪಿನ ಜೊತೆ ಹಾಕಿ ಮುಚ್ಚಿದೆ. ಎರಡು ಮೂರು ವಾರ ಬಿಟ್ಟೆ. ಬೂಷ್ಟು ಒಣಗಿ ಪುಡಿಯಾಯಿತು. ಹಸಿ ಇದ್ದಾಗ ಒರೆಸಿದರೆ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಉದುರುತ್ತದೆ. ಈ ಒಂದು ವ್ಯತ್ಯಾಸದಲ್ಲೇ ಅರ್ಧ ಕೆಲಸ ಇದೆ.

ಎರಡನೇ ತಪ್ಪು ಸ್ಯಾನಿಟೈಸರ್. ಕೊರೊನಾ ಕಾಲದ್ದು ಮನೆಯಲ್ಲಿ ಬಾಟಲಿಗಟ್ಟಲೆ ಉಳಿದಿತ್ತು. ಅದರಲ್ಲೂ ಆಲ್ಕೋಹಾಲ್ ತಾನೇ ಇರುವುದು ಅಂತ ಹಚ್ಚಿದೆ. ಜಿಗುಟು ಪದರ ಕೂತು ಸುಮಾರು ಹತ್ತು ನಿಮಿಷದ ಟೇಪು ಹೋಯಿತು. ಆಮೇಲೆ ಶೇಕಡಾ 99 ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ತರಿಸಿದೆ. ಒರೆಸುವ ಬಟ್ಟೆಗೂ ಪ್ರಯೋಗ ಮಾಡಿದೆ. ಹತ್ತಿ ಎಳೆ ಬಿಡುತ್ತದೆ. ಅವ್ವನ ಹಳೇ ಇಳಕಲ್ ಸೀರೆಯ ತುಂಡು ಮೆತ್ತಗಿತ್ತು, ಅದೂ ನೂಲು ಬಿಟ್ಟಿತು. ಕ್ಯಾಮೆರಾ ಲೆನ್ಸ್ ಒರೆಸುವ ಬಟ್ಟೆಯೇ ಸರಿ.

ಒರೆಸುವ ಯಂತ್ರ ನನ್ನದೇ ತಲೆ. ಗುಜರಿಯಲ್ಲಿ ₹1,200ಕ್ಕೆ ಒಂದು ಸತ್ತ ವಿಸಿಆರ್ ಸಿಕ್ಕಿತು. ಚಿತ್ರ ಬರುತ್ತಿರಲಿಲ್ಲ, ಮೋಟಾರ್ ಚೆನ್ನಾಗಿತ್ತು. ಹೆಡ್ ಡ್ರಮ್ ತೆಗೆದು ಹಾಕಿದೆ. ಟೇಪು ಹೋಗುವ ದಾರಿಯಲ್ಲಿ ಎರಡು ಕಡೆ ಬಟ್ಟೆಯ ಗಾದಿ ಕೂರಿಸಿದೆ. ಮೊದಲನೆಯದು ಒಣ, ಎರಡನೆಯದಕ್ಕೆ ಐಸೊಪ್ರೊಪೈಲ್. ಗಾದಿಯ ಬಿಗಿ ಎಷ್ಟಿರಬೇಕು, ಯಾವ ಸ್ಪ್ರಿಂಗ್ ಹಾಕಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಆರು ತಿಂಗಳ ದುಡಿಮೆ, ನನ್ನ ಹತ್ತಿರವೇ ಇರಲಿ. ಒಂದು ಟೇಪಿಗೆ ನಾಲ್ಕು ಸಲ ಹಿಂದೆ ಮುಂದೆ, ಪ್ರತಿ ಸಲ ಗಾದಿ ಬದಲು. ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಚಿಕ್ಕ ಮಕ್ಕಳನ್ನು ಹತ್ತಿರ ಬಿಡಬೇಡಿ. ಒರೆಸಿದ ಸುರುಳಿಯನ್ನು ಹಳೇ ಡಬ್ಬಿಗೆ ಹಾಕಬಾರದು. ಐದು ಸ್ಕ್ರೂ ಬಿಚ್ಚಿ ಬೇರೆ ಸ್ವಚ್ಛ ಕ್ಯಾಸೆಟ್ಟಿಗೆ ಕೂರಿಸಿ.

ಒಂದು ಕಡೆ ಟೇಪು ಹರಿಯಿತು. ಸೆಲ್ಲೋಟೇಪ್ ಹಚ್ಚಿದರೆ ಅಂಟು ಬಿಟ್ಟುಕೊಂಡು ಹೆಡ್ಡಿಗೆ ಹೋಗುತ್ತದೆ. ಹರಿದ ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪಿನಲ್ಲೇ ಜೋಡಿಸಿದೆ. ಐದು ಸೆಂಟಿಮೀಟರ್ ಕತ್ತರಿಸಬೇಕಾಯಿತು. ನಮ್ಮ ದೇಶದ ಟೀವಿ ಪದ್ಧತಿಯಾದ ಪಾಲ್ ಲೆಕ್ಕದಲ್ಲಿ ಟೇಪು ಸೆಕೆಂಡಿಗೆ 2.3 ಸೆಂಟಿಮೀಟರ್ ಓಡುತ್ತದೆ, ಅಂದರೆ ಎರಡು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೋಯಿತು. ಹೋದದ್ದು ಕಾರ್ಟೂನಿನ ಖಳರಾದ ಟೀಮ್ ರಾಕೆಟ್‌ನವರ ಬಲೂನ್ ಮೇಲೇರುವ ದೃಶ್ಯ. ಅದು ಬೇರೆ ಕಂತುಗಳಲ್ಲಿ ಬೇಕಾದಷ್ಟಿದೆ, ಸಮಾಧಾನ.

ಈಗ ಆಡಿಸುವ ವಿಸಿಆರ್. ಆನ್‌ಲೈನಿನಲ್ಲಿ ₹2,500 ಕೊಟ್ಟು ಒಂದು ತರಿಸಿದೆ. ಮಾರಿದವರು ನೀಟಾಗಿ ಪ್ಯಾಕ್ ಮಾಡಿರಲಿಲ್ಲ. ಒಳಗೆ ಐಡ್ಲರ್ ಗಾಲಿಯ ರಬ್ಬರ್ ಸೀಳಿತ್ತು, ಲೋಡಿಂಗ್ ಗೇರ್ ಮುರಿದಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. ವಿಜಯಪುರದಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಕಾಕಾ ಇದ್ದಾರೆ ಅಂತ ಯಾರೋ ಹೇಳಿದರು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಕಾಕಾ ಮುಚ್ಚಳ ತೆಗೆದು ನೋಡಿ, "ಇಷ್ಟು ವರ್ಷ ಆದ ಮ್ಯಾಲೆ ಇದನ್ನ ಯಾರೂ ತಂದಿದ್ದಿಲ್ಲ ತಮ್ಮಾ" ಅಂದರು. ಅಟ್ಟದಿಂದ ಬೇರೆ ಮಶೀನಿನ ಗೇರ್ ಹುಡುಕಿ ಹಾಕಿದರು. ₹1,800 ತಗೊಂಡರು. ಮೂರು ಸಾವಿರ ಕೇಳಿದ್ದರೂ ಕೊಡುತ್ತಿದ್ದೆ.

ಕ್ಯಾಪ್ಚರ್, ಅಂದರೆ ಕಂಪ್ಯೂಟರಿಗೆ ಇಳಿಸುವ ಕಡೆ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ₹600ರ ಯುಎಸ್‌ಬಿ ಕಡ್ಡಿ ತಂದೆ. ಟೇಪು ಸ್ವಲ್ಪ ನಡುಗಿದರೂ ಫ್ರೇಮ್ ಬಿಡುತ್ತಿತ್ತು, ಹತ್ತು ನಿಮಿಷಕ್ಕೆ ದನಿ ತುಟಿಗಿಂತ ಹಿಂದೆ ಬೀಳುತ್ತಿತ್ತು. ಆಮೇಲೆ ಸೆಕೆಂಡ್ ಹ್ಯಾಂಡ್ ಕಾರ್ಡ್‌ಗೆ ₹4,500 ಕೊಟ್ಟೆ, ಆಗಲೂ ಚಿತ್ರದ ಮೇಲಿನ ಅಂಚು ಬಾವುಟದಂತೆ ಬಾಗುತ್ತಿತ್ತು. ದಾರಿ ತೋರಿಸಿದ್ದು ಪ್ಯಾನಾಸೋನಿಕ್‌ನ ಹಳೇ ಡಿವಿಡಿ ರೆಕಾರ್ಡರ್, ಇಎಸ್10. ಅದರಲ್ಲಿ ರೆಕಾರ್ಡ್ ಮಾಡುವುದಲ್ಲ. ವಿಸಿಆರ್‌ನ ಸಿಗ್ನಲ್ಲನ್ನು ಅದರ ಒಳಗೆ ಹಾಯಿಸಿ ಹೊರಗೆ ತಗೊಳ್ಳುವುದು. ಒಂದೊಂದು ಗೆರೆಯನ್ನೂ ಅದು ಸರಿ ನಿಲ್ಲಿಸಿ ಕಳಿಸುತ್ತದೆ. ₹3,500ಕ್ಕೆ ಸಿಕ್ಕಿತು. ಅದು ಬಂದ ರಾತ್ರಿ ಕಥಾನಾಯಕ ಆ್ಯಶ್‌ನ ಟೊಪ್ಪಿಗೆ ಮೊದಲ ಸಲ ನೆಟ್ಟಗೆ ನಿಂತಿತು. ಚಿತ್ರದ ಗುಣ ಕಳೆಯದ ಹಫ್‌ವೈಯುವಿ ಕಡತವಾಗಿ ಇಳಿಸಿದೆ, ಗಂಟೆಗೆ ಸುಮಾರು 30 ಜಿಬಿ. ಹಾರ್ಡ್ ಡಿಸ್ಕಿಗೆ ಇನ್ನೊಂದು ಐದು ಸಾವಿರ. ಸಾಮಾನು, ರಾಸಾಯನಿಕ ಎಲ್ಲ ಸೇರಿ ₹20–21 ಸಾವಿರ ಹೋಗಿರಬೇಕು, ಬಸ್ ಚಾರ್ಜ್ ಬಿಟ್ಟು.

ಇಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಟೀವಿ ಪ್ರತಿ ಚಿತ್ರವನ್ನೂ ಗೆರೆ ಬಿಟ್ಟು ಗೆರೆಯಾಗಿ ಎರಡು ಅರ್ಧದಲ್ಲಿ ಕಳಿಸುತ್ತದೆ; ಆ ಅರ್ಧವೇ ಫೀಲ್ಡ್, ಈ ಪದ್ಧತಿಯೇ ಇಂಟರ್‌ಲೇಸ್. ಅದನ್ನು ತೆಗೆದ ಮೇಲೂ ಪಿಕಾಚು ಓಡುವಾಗ ಎರಡೆರಡು ಕಿವಿ ಕಾಣುತ್ತಿದ್ದವು. ಟೇಪಿನ ದೋಷ ಅಂದುಕೊಂಡು ವಾರಗಟ್ಟಲೆ ಒದ್ದಾಡಿದೆ. ಅದು ಟೇಪಿನದ್ದಲ್ಲ. ಕಾರ್ಟೂನ್ ಜಪಾನಿನದು. ಸೆಕೆಂಡಿಗೆ 24 ಚಿತ್ರದ ಕೆಲಸ, ಅಲ್ಲಿನ ಟೀವಿ ಪದ್ಧತಿಯಾದ ಎನ್‌ಟಿಎಸ್‌ಸಿಗೆ ಹೋಗಿ 60 ಫೀಲ್ಡ್ ಆಗಿದೆ, ನಮ್ಮ ಪಾಲ್‌ಗೆ ಬರುವಾಗ 50 ಆಗಿದೆ. ಪಕ್ಕದ ಫೀಲ್ಡುಗಳು ಬೆರೆತು ಹೋಗಿವೆ. ಆವಿಸಿಂತ್ ಅನ್ನುವ ವಿಡಿಯೋ ತಂತ್ರಾಂಶದಲ್ಲಿ ಮೊದಲು ಇಂಟರ್‌ಲೇಸ್ ತೆಗೆಯುವ ಕ್ಯುಟಿಜಿಎಂಸಿ, ಆಮೇಲೆ ಬೆರೆತದ್ದನ್ನು ಬಿಡಿಸುವ ಎಸ್‌ರಿಸ್ಟೋರ್ ಹಾಕಿ ಮತ್ತೆ 24ಕ್ಕೆ ತಂದೆ. ನೆರಳು ಹೋಯಿತು. ಸೆಲ್ ಹಾಳೆಯ ಮೇಲೆ ಕೈಯಿಂದ ಹಚ್ಚಿದ ಬಣ್ಣದ ಗೆರೆ ಕಂಡಿತು. ಮದುವೆ ವಿಡಿಯೋ ಎಡಿಟ್ ಮಾಡುವ ನನ್ನ ಗೆಳೆಯರಿಗೆ ಮೊದಲು ಮತ್ತು ನಂತರದ ಚಿತ್ರ ತೋರಿಸಿದೆ. ಒಂದೇ ಟೇಪು ಅಂದರೆ ನಂಬಲಿಲ್ಲ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ನಮ್ಮ ಟೇಪಿನ ಹಿಂದಿ ದನಿಯನ್ನು ಸ್ವಚ್ಛ ಚಿತ್ರಕ್ಕೆ ಜೋಡಿಸುವುದು. ಪಾಲ್ ಅಂದ ಮೇಲೆ ಶೇಕಡಾ 4 ವೇಗ ಜಾಸ್ತಿ ಇರುತ್ತದೆ ಅಂತ ದನಿಯನ್ನು ನಿಧಾನ ಮಾಡುತ್ತ ಎರಡು ರಾತ್ರಿ ಕಳೆದೆ. ಟೀಮ್ ರಾಕೆಟ್‌ನ ಮಾತಾಡುವ ಬೆಕ್ಕು ಮೀಯೌತ್ ದನಿ ಭಾರವಾಯಿತು, ಕೂಡಲಿಲ್ಲ. ಆಮೇಲೆ ಹೊಳೆಯಿತು. ಫೀಲ್ಡ್ ಬೆರೆತಿದೆ ಅಂದರೆ ವೇಗ ಬದಲಾಗಿಲ್ಲ ಅಂತಲೇ ಅರ್ಥ. 24ನ್ನು 25ಕ್ಕೆ ಓಡಿಸಿದ್ದರೆ ಬೆರೆಯುವ ಪ್ರಶ್ನೆಯೇ ಇರಲಿಲ್ಲ. ಮೂಲ ವೇಗದಲ್ಲೇ ಇಟ್ಟು, ನಾನು ಪಾಜ್ ಒತ್ತಿದ ಜಾಗಗಳಲ್ಲಿ ಮಾತ್ರ ಸರಿಸಿದೆ, ಕೂತಿತು. ಆದರೂ ಸ್ವಚ್ಛ ಚಿತ್ರದ ಮೇಲೆ ಆ ದನಿ ನನಗೆ ಹಿಡಿಸಲಿಲ್ಲ. ಟೇಪಿನ ಚಿತ್ರಕ್ಕೇ ವಾಪಸ್ ಬಂದೆ.

ನೋಡಲು 21 ಇಂಚಿನ ಹಳೇ ಡಬ್ಬಾ ಟೀವಿಯನ್ನೇ ಇಟ್ಟಿದ್ದೇನೆ. ಡಬ್ಬಾ ಟೀವಿಗಾದರೆ ಇಂಟರ್‌ಲೇಸ್ ತೆಗೆಯದ ಕಡತವೇ ಚೆಂದ, ಹೊಸ ಟೀವಿಗೆ ತೆಗೆದದ್ದು. ಎರಡೂ ಇಟ್ಟುಕೊಳ್ಳಿ. ಮಗಳ ಜೊತೆ ನೋಡುವಾಗ ಲೈಟ್ ಹಾಕಿರುತ್ತೇನೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಒಂದು ಕಂತಿನ ಕೆಂಪು ನೀಲಿ ಮಿಂಚು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಕಾರ್ಯಕ್ರಮ ನಾಲ್ಕು ತಿಂಗಳು ನಿಂತಿತ್ತು. ಆ ಕಂತು ಮತ್ತೆ ಪ್ರಸಾರವಾಗಲಿಲ್ಲ, ನಮ್ಮ ಟೇಪಿನಲ್ಲೂ ಇಲ್ಲ. ಆದರೂ ಎಚ್ಚರ ಇರಲಿ.

ಈ ವಯಸ್ಸಿನಲ್ಲಿ ನೋಡಿದರೆ ಬೇರೆಯೇ ಕಾಣುತ್ತದೆ. ಪೋಕೆಮಾನ್ ಮೊದಲು ಬಂದದ್ದು ಗೇಮ್‌ಬಾಯ್ ಆಟವಾಗಿ, 1996ರಲ್ಲಿ. ಆಟದ ನಿಯಮದ ಪ್ರಕಾರ ಪಿಕಾಚುವಿನ ಕರೆಂಟ್ ಎದುರಾಳಿ ಬ್ರಾಕ್‌ನ ಕಲ್ಲು ಹಾವು ಆನಿಕ್ಸ್‌ಗೆ ತಾಗುವುದೇ ಇಲ್ಲ. ಕಾರ್ಟೂನಿನಲ್ಲಿ ಬೆಂಕಿ ಆರಿಸುವ ನೀರು ಮೇಲಿನಿಂದ ಸುರಿದು ಕಲ್ಲು ಹಾವು ನೆನೆಯುತ್ತದೆ, ಆಗ ಪಿಕಾಚುಗೆ ದಾರಿ ಸಿಗುತ್ತದೆ. ಹುಡುಗನಾಗಿದ್ದಾಗ ಚಪ್ಪಾಳೆ ಹೊಡೆದಿದ್ದೆ. ಈಗ ಕಥೆ ಬರೆದವರು ಆಟದ ಬೇಲಿಯನ್ನು ಎಷ್ಟು ಜಾಣತನದಿಂದ ದಾಟಿದ್ದಾರೆ ಅಂತ ನೋಡುತ್ತೇನೆ.

ನಾನು ಅತಿ ಹೆಚ್ಚು ಕಾದದ್ದು 21ನೇ ಕಂತಿಗೆ. ಆ್ಯಶ್ ತನ್ನ ಚಿಟ್ಟೆ ಪೋಕೆಮಾನ್ ಬಟರ್‌ಫ್ರೀಯನ್ನು ಬಿಟ್ಟುಕೊಡುವ ಕಂತು. ಗುಲಾಬಿ ಜೊತೆಗಾತಿಯೊಡನೆ ಅದು ಸಮುದ್ರ ದಾಟಿ ಹೋಗುತ್ತದೆ. ಅದು ಇದ್ದದ್ದು ಮದುವೆ ಟೇಪಿನಲ್ಲಿ. ದೊಡ್ಡಪ್ಪನ ಮಗಳ ಮದುವೆ, ಅಪ್ಪ ಶೂಟ್ ಮಾಡಿದ್ದು. ಅಕ್ಷತೆ ಮುಗಿದು, ಅಕ್ಕ ಅಳುತ್ತ ಕಾರು ಹತ್ತುವ ಹೊತ್ತಿಗೆ ಚಿತ್ರ ಕತ್ತರಿಸಿ ಪೋಕೆಮಾನ್ ಶುರುವಾಗುತ್ತದೆ. ಕಾರು ಹೊರಟ ದೃಶ್ಯದ ಮೇಲೆ ನಾವು ರೆಕಾರ್ಡ್ ಮಾಡಿಬಿಟ್ಟಿದ್ದೆವು. ಅವತ್ತು ಅಪ್ಪ ಹೊಡೆಯಲಿಲ್ಲ, ಎರಡು ದಿನ ಮಾತಾಡಲಿಲ್ಲ. ಈ ಟೇಪನ್ನು ನಾಲ್ಕು ಸಲ ಅಲ್ಲ, ಏಳು ಸಲ ಒರೆಸಿದೆ. ಕಂಟ್ರೋಲ್ ಟ್ರ್ಯಾಕ್ ಕೆಟ್ಟ ಕಡೆ ಟ್ರ್ಯಾಕಿಂಗನ್ನು, ಅಂದರೆ ಹೆಡ್ಡು ಟೇಪಿನ ಗೆರೆಗೆ ಕೂಡುವುದನ್ನು, ಕೈಯಲ್ಲೇ ಹಿಡಿದು ಮೂರು ಸಲ ಇಳಿಸಿ, ಚೆನ್ನಾಗಿರುವ ತುಂಡುಗಳನ್ನು ಜೋಡಿಸಿದೆ. ಸೂರ್ಯ ಮುಳುಗುವ ಆ ಕೊನೆಯ ದೃಶ್ಯದಲ್ಲಿ ಎರಡು ಗೆರೆ ಬಿಟ್ಟರೆ ಬೇರೆ ಕಲೆ ಇಲ್ಲ.

ದಸರಾಕ್ಕೆ ಅಣ್ಣ ಬಂದಾಗ ಹಾಕಿ ತೋರಿಸಿದೆ. ಬೈದವನೇ ಪೂರ್ತಿ ನೋಡಿದ, ಆಮೇಲೆ ಮತ್ತೊಮ್ಮೆ ಹಾಕು ಅಂದ. ಅಕ್ಕನಿಗೂ ಮದುವೆ ಭಾಗವನ್ನು ಪೆನ್‌ಡ್ರೈವಿಗೆ ಹಾಕಿ ಕೊಡಲು ಹೋಗಿದ್ದೆ. ಕಾರ್ಟೂನ್ ತೆಗೆದು ಬರೀ ಮದುವೆ ಕೊಡಲಾ ಅಂತ ಕೇಳಿದೆ. "ಬ್ಯಾಡೋ, ಕಾಕಾನ ಟೇಪ್ ಹೆಂಗೈತಿ ಹಂಗ ಕೊಡು" ಅಂದಳು. ಹಾಗೇ ಕೊಟ್ಟೆ.

ಉಳಿದ ನಾಲ್ಕರಲ್ಲಿ ಒಂದು ಬಿಸಿಲಿಗೆ ಹೋದದ್ದು, ಅದರ ಆಸೆ ಬಿಟ್ಟಿದ್ದೇನೆ. ಮೂರು ಸ್ಟೀಲ್ ಡಬ್ಬಿಯಲ್ಲಿವೆ. ಮಳೆಗಾಲ ಮುಗಿಯುವ ತನಕ ತೆರೆಯುವುದಿಲ್ಲ.