ನೂರಕ್ಕೆ ನೂರು ಸೇರಿದರೆ ಐವತ್ತು

ಕಾರವಾರದ ಬೈತಖೋಲ ಬಂದರಿನ ಒಂದು ಬೋಟಿಗೆ 24 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಮಾಡಿಕೊಡಬೇಕಿತ್ತು. ಜುಲೈ ಅರ್ಧ ಮುಗಿದಿತ್ತು. ಆಗಸ್ಟ್ 1ಕ್ಕೆ ಬೋಟು ಕಡಲಿಗಿಳಿಯುತ್ತೆ, ಬೋಟು ನಡೆಸುವ ತಾಂಡೇಲ ದಿನಾ ಫೋನ್. ಬೇಕಾಗಿದ್ದು 50 ಮೈಕ್ರೋಹೆನ್ರಿಯ (ಕಾಯಿಲ್ ಅಳೆಯುವ ಲೆಕ್ಕ), 8 ಆಂಪಿಯರ್ ತಡೆಯುವ ಕಾಯಿಲ್, ಅಂದರೆ ಕೋರಿನ ಮೇಲೆ ಸುತ್ತಿದ ತಂತಿ. ತರಿಸಿದರೆ ಕೊರಿಯರ್ ಸೇರಿ ನಾನೂರರ ಹತ್ತಿರ, ಮೇಲೆ ಒಂದು ವಾರ ಕಾಯಬೇಕು.

ಕೈಯಲ್ಲಿರೋ ಎರಡು ಕಾಯಿಲನ್ನು ಪ್ಯಾರಲಲ್, ಅಂದರೆ ಕರೆಂಟ್ ಎರಡರಲ್ಲೂ ಹಂಚಿಹೋಗೋ ಹಾಗೆ, ಹಾಕ್ತೇನೆ ಅಂದೆ. ಪಕ್ಕದ ಅಂಗಡಿಯ ಹಿರಿಯರು ನಕ್ಕರು. "ತಮಾ, ಕಾಯಿಲ್ ಅಂದ್ರೆ ಬಲ್ಬ್ ಅಲ್ಲ. ಸುಟ್ಕೊಳ್ತೀಯ ನೋಡು."

ಮೊದಲ ಸಲ ಅವರ ಮಾತೇ ನಿಜವಾಯಿತು. ಕೈಯಲ್ಲಿದ್ದದ್ದು 220 ಮತ್ತು 68 ಮೈಕ್ರೋಹೆನ್ರಿಯವು. ಗುಣಿಸಿ, ಕೂಡಿದ್ದರಿಂದ ಭಾಗಿಸಿದರೆ 52. ಮೀಟರೂ ಹೆಚ್ಚುಕಡಿಮೆ ಅದನ್ನೇ ತೋರಿಸಿತು. ಲೋಡ್ ಕೊಟ್ಟು ಹತ್ತು ಸೆಕೆಂಡ್ ಆಗಿಲ್ಲ, ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚು, ಮಾಸ್‌ಫೆಟ್ ಪಟ್ ಅಂತು. ಇನ್ನೊಂದು ಹಾಕಿದೆ, ಅದೂ ಹೋಯಿತು. ನೂರೈವತ್ತು ರೂಪಾಯಿ ಬೂದಿ! ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು: ಡಿಸಿ ಕರೆಂಟ್ ಹಂಚಿಹೋಗುವುದು ಹೆನ್ರಿ ನೋಡಿ ಅಲ್ಲ, ತಂತಿಯ ಓಮ್ಸ್ (ತಡೆ) ನೋಡಿ. 68ರದ್ದು ದಪ್ಪ ತಂತಿ, ಸುತ್ತು ಕಡಿಮೆ. ಕರೆಂಟೆಲ್ಲ ಅದೇ ಎಳೆದುಕೊಂಡು ಕೋರ್ ಸ್ಯಾಚುರೇಟ್ ಆಗಿತ್ತು, ಅಂದರೆ ಕಾಂತಶಕ್ತಿ ತುಂಬಿಹೋಗಿ ಕಾಯಿಲ್ ಬರೀ ತಂತಿಯಂತಾಗಿತ್ತು.

ಹಾಗಾಗಿ ಅವಳಿಗಳನ್ನೇ ಹಿಡಿದೆ. 100ರ ಡ್ರಮ್ ಕೋರ್ (ನೂಲಿನ ಉರುಳೆಯಂಥ ಕೋರಿನ ಕಾಯಿಲ್) ಎರಡು, ತಲಾ 5 ಆಂಪಿಯರಿನವು. ಓಮ್ಸ್ ಕೂಡ ಒಂದೇ. ಇಂಥ ಜೋಡಿ ಎಲ್ಲಿ ಸಿಗುತ್ತೆ ಅಂತ ಮಾತ್ರ ಕೇಳಬೇಡಿ. ಅರ್ಧ ಅಂದ್ರೆ 50 ಬರಬೇಕು ಅಲ್ವಾ? ಮೀಟರ್ 43 ಅಂತು.

ಮೀಟರ್ ಮೇಲೇ ಅನುಮಾನ ಬಂತು. 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಕಟ್ಟಿ, ಅಲೆ ತೋರಿಸುವ ಸ್ಕೋಪಿನಲ್ಲಿ ರಿಂಗಿಂಗ್, ಅಂದರೆ ಅದರ ಕಂಪನ ಎಷ್ಟು ವೇಗ ಅಂತ ನೋಡಿದೆ. 50 ಇದ್ದರೆ 71 ಕಿಲೋಹರ್ಟ್ಸ್ ಆಸುಪಾಸು ಬರಬೇಕು, ಬಂದದ್ದು 77, ಅಂದರೆ 43ಕ್ಕೇ ಸರಿ. ಮೀಟರ್ ಸುಳ್ಳಾಡಿರಲಿಲ್ಲ. ಎರಡನ್ನೂ ಮೈಗೆ ಮೈ ತಾಗಿಸಿ ನಿಲ್ಲಿಸಿದ್ದೆ. ಒಂದರ ಫ್ಲಕ್ಸ್ (ಕಾಂತದ ಹರಿವು) ಮತ್ತೊಂದರೊಳಗೆ ನುಗ್ಗಿ ಅದಕ್ಕೆ ಎದುರಾಗುತ್ತಿತ್ತು. ಸುಮ್ನೆ ಕುತೂಹಲಕ್ಕೆ ಒಂದರ ಎರಡು ತಂತಿ ತುದಿಗಳನ್ನು ಅದಲುಬದಲು ಮಾಡಿದೆ: 57. ಒಂದನ್ನು ಅಡ್ಡ ಮಲಗಿಸಿದೆ: 50ರ ಹತ್ತಿರ. ನಿಲ್ಲಿಸಿಯೇ ಎರಡು ಬೆರಳು ದೂರ ಇಟ್ಟೆ: 49. ಅಲ್ಲೇ ಹೊತ್ತು ಹೋಯಿತು, ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ. 57ರಲ್ಲೇ ಬಿಡೋಣ, ರಿಪಲ್ (ಕರೆಂಟಿನ ಏರಿಳಿತ) ಕಡಿಮೆ ಅಂತ ಆಸೆಯಾಗಿತ್ತು. ಆದರೆ ಆ ಕಡೆ ಜೋಡಿಸಿದರೆ ಎರಡರ ಫ್ಲಕ್ಸೂ ಕೂಡಿಕೊಂಡು ಬೇಗ ಸ್ಯಾಚುರೇಟ್ ಆಗುತ್ತೆ. ಎರಡು ಬೆರಳು ದೂರವೇ ಗಟ್ಟಿ ಮಾಡಿದೆ.

7 ಆಂಪಿಯರಿನಲ್ಲಿ ನಾಲ್ಕು ತಾಸು ಓಡಿಸಿದೆ. ಎರಡೂ ಒಂದೇ ಬಿಸಿ, ಬೆರಳಿಟ್ಟರೆ ತಡೆದುಕೊಳ್ಳಬಹುದು. ಉಪ್ಪುಗಾಳಿಗೆ ಮೇಲೊಂದು ಲೇಪ ಹಾಕಿದ್ದೇನೆ, ಅದು ನನ್ನದೇ ಮಿಶ್ರಣ. ಕಾಯಿಲ್ ಎರಡಕ್ಕೆ ಎಪ್ಪತ್ತೇ ರೂಪಾಯಿ ಬಿದ್ದದ್ದು. ತಾಂಡೇಲ ಸಾವಿರದ ಎಂಟುನೂರು ಕೊಟ್ಟ, ಮೊದಲ ಬಲೆಯಲ್ಲಿ ಬಂದ ಬಂಗಡೆಯನ್ನೂ ಒಂದು ಚೀಲ ಕಳಿಸಿದ. ಅರ್ಧ ಚೀಲ ಪಕ್ಕದ ಅಂಗಡಿಗೆ ಕೊಟ್ಟು ಬಂದೆ.